ಎದುರುಮನೆಯ ಸುಣ್ಣ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ನೀವು ಮನೆ ಕೊಳ್ಳಲು ಬಂದು ನಿಲ್ಲುತ್ತೀರಿ, ಆಮೇಲೆ ನಮ್ಮ ಓಣಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಭೂಪಟದಲ್ಲಿ ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಬೇಡಿ. ಸ್ಪೇನ್ ದೇಶದ ಕಡಲ ದಂಡೆ, ಗುಡ್ಡದ ಮೇಲೆ ಒಂದರ ಹೆಗಲಿಗೊಂದು ಹತ್ತಿ ಕೂತ ಬಿಳಿ ಮನೆಗಳು, ಕೆಳಗೊಂದು ಬಂದರು, ಇಷ್ಟು ಸಾಕು. ಇಂಥ ಊರು ಆ ದಂಡೆಯಲ್ಲಿ ನೂರು ಇರಬಹುದು, ಆದರೆ ನಮ್ಮದರಷ್ಟು ಬೆಳ್ಳಗಿನದು ಇನ್ನೊಂದಿಲ್ಲ. ನಾನು ಜಂಭದ ಹೆಂಗಸು. ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನನ್ನ ಹೆಸರು ವಾರಿಜ. ಇಲ್ಲಿಯವರ ಬಾಯಲ್ಲಿ ಅದು ಬಾರಿಹಾ. ಹುಟ್ಟಿದ್ದು ಮಂಗಳೂರಿನಾಚೆಯ ಕಡಲ ದಂಡೆಯಲ್ಲಿ, ಮೀನುಗಾರರ ಮನೆಯಲ್ಲಿ. ನನ್ನ ಗಂಡ ಸಂಜೀವ ಸರಕಿನ ಹಡಗಿನಲ್ಲಿ ಅಡುಗೆಯವರಾಗಿದ್ದರು. ಹದಿನೈದು ವರ್ಷದ ಹಿಂದೆ ಅವರ ಹಡಗು ಈ ಬಂದರಿಗೆ ಬಂದು ನಿಂತಿತು, ಹಡಗಿನ ಯಜಮಾನ ಕೈಯೆತ್ತಿ ಎಲ್ಲಿಗೋ ಮಾಯವಾದ, ಹಡಗು ಎಂಟು ತಿಂಗಳು ನಿಂತಲ್ಲೇ ತುಕ್ಕು ಹಿಡಿಯಿತು. ಉಳಿದವರೆಲ್ಲ ಅವರವರ ಊರಿಗೆ ಹೋದರು. ಇವರು ಮಾತ್ರ ಇಲ್ಲಿಯ ಐಸ್ ಪ್ಲಾಂಟಿನಲ್ಲಿ ಕೆಲಸ ಹಿಡಿದು ನನಗೆ ಟಿಕೆಟ್ ಕಳಿಸಿದರು. ನಾನು ಬಂದವಳೇ ದೋಣಿ ನಿಲ್ಲುವ ದಕ್ಕೆಯಲ್ಲಿ ಹರಿದ ಬಲೆಗಳನ್ನು ಸರಿಮಾಡಲು ಕೂತೆ. ನಾನು ಹಾಕಿದ ಗಂಟು ಬಿಚ್ಚಿತು ಎಂದು ಈ ದಕ್ಕೆಯಲ್ಲಿ ಒಬ್ಬನೂ ಇಂದಿನವರೆಗೆ ಹೇಳಿಲ್ಲ. ಇಲ್ಲಿಯವರ ಭಾಷೆ ಬೇರೆಯೇ, ಆದರೆ ಇಷ್ಟು ವರ್ಷ ಕೇಳಿ ಕೇಳಿ ಅದು ನನ್ನ ಕಿವಿಗೆ ನಮ್ಮ ಕಡೆಯ ಮಾತಾಗಿಯೇ ಬೀಳುತ್ತದೆ. ಹಾಗೆಯೇ ಬರೆಯುತ್ತೇನೆ.

ಮೊದಲ ಏಳು ವರ್ಷ ಐಸ್ ಪ್ಲಾಂಟಿನ ತಗಡಿನ ಕೋಣೆಯಲ್ಲಿದ್ದೆವು. ಆಮೇಲೆ ಗುಡ್ಡದ ಮೇಲಿನ ಓಣಿಯಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಎರಡು ಕೋಣೆ, ಒಂದು ಅಂಗಳ, ಅಂಗಳದಲ್ಲಿ ಒಂದು ನಿಂಬೆಗಿಡ, ತಾರಸಿ ಹತ್ತಿದರೆ ಸಮುದ್ರ. ಓಣಿ ಎಷ್ಟು ಇಕ್ಕಟ್ಟೆಂದರೆ ಎದುರುಮನೆಯಲ್ಲಿ ಮೆಣಸು ಹುರಿದರೆ ನಮ್ಮ ಮನೆಯಲ್ಲಿ ಸೀನು. ಹೊಸಿಲು ದಾಟಿದ ಮಾರನೆಯ ದಿನವೇ ನಾನು ಸುಣ್ಣ ಕಲಸಿ ಹೊರಗೋಡೆಗೆ ಬಳಿದೆ. ಬಾಡಿಗೆಯದಾದರೇನು, ಕೊಳಕು ಗೋಡೆಯ ಹಿಂದೆ ಉಣ್ಣುವುದು ನನ್ನಿಂದಾಗುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಬಳಿದ ಸುಣ್ಣವೆಲ್ಲ ಹೊಸಿಲ ಮುಂದೆ ಪುಡಿಪುಡಿಯಾಗಿ ಬಿದ್ದಿತ್ತು. ಸುಣ್ಣವೇ ಹಳತೇನೋ ಎಂದು ಬೇರೆ ತರಿಸಿ ಮತ್ತೆ ಬಳಿದೆ. ಮತ್ತೆ ಬಿತ್ತು. ಮೂರನೆಯ ಬೆಳಿಗ್ಗೆ ನಾನು ಪೊರಕೆ ಹಿಡಿದು ಬೈದುಕೊಳ್ಳುತ್ತಾ ಗುಡಿಸುತ್ತಿದ್ದಾಗ ಎದುರುಮನೆಯ ಬಾಗಿಲಲ್ಲಿ ಒಬ್ಬಳು ಹೆಂಗಸು ಸೊಂಟ ಹಿಡಿದುಕೊಂಡು ನಗುತ್ತಿದ್ದಳು.

"ನಿನ್ನ ಗೋಡೆಗೆ ನೀನೇ ಬಳಿದರೆ ನಿಲ್ಲುವುದುಂಟಾ ಮಾರಾಯ್ತಿ?" ಅಂದಳು. "ಒಳಗೆ ಕೂತವಳಿಗೆ ತನ್ನ ಹೊರಗೋಡೆ ಕಾಣ್ತದಾ? ದಿನವಿಡೀ ನೋಡುವುದು ನಾನು. ಬಾಲ್ದಿ ಇಲ್ಲಿ ಕೊಡು."

ಅವಳೇ ಎನ್ಕಾರ್ನಾ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಾನು ಅಂದಿನಿಂದಲೇ ಎನ್ಕಾರ್ನಕ್ಕ ಎಂದೆ. ಹೆಸರಿನ ಬಾಲಕ್ಕೆ ಅದೇನು ಸೇರಿಸಿದೆ ಎಂದು ಅವಳು ಯಾವತ್ತೂ ಕೇಳಲಿಲ್ಲ. ಅವಳು ಬಳಿದ ಸುಣ್ಣ ಮಾರನೆಯ ದಿನವೂ ನಿಂತಿತು, ಅದರ ಮಾರನೆಯ ದಿನವೂ ನಿಂತಿತು. ಹಾಗೆ ನಮಗೆ ಊರಿನ ಕ್ರಮ ತಿಳಿಯಿತು. ಇಲ್ಲಿ ಯಾರ ಗೋಡೆಗೂ ಅವರ ಕೈಯ ಸುಣ್ಣ ಹತ್ತುವುದಿಲ್ಲ, ಎದುರುಮನೆಯವರದ್ದು ಮಾತ್ರ ಹತ್ತುತ್ತದೆ. ಕೂಲಿ ಕೊಟ್ಟು ಬಳಿಸಿದರೆ ಎರಡು ದಿನದಲ್ಲಿ ಹಳದಿಯಾಗುತ್ತದೆ. ಮನಸ್ಸಿಲ್ಲದೆ ಬಳಿದರೆ ಗುಳ್ಳೆ ಎದ್ದು ಉದುರುತ್ತದೆ. ಬಾಡಿಗೆಯವರು ಮನೆಯನ್ನು ಕೊಳ್ಳುವುದಾದರೆ ನೋಟರಿ ದೋನ್ ಎಲಾದಿಯೋ ಕಪ್ಪು ಕೋಟು ಹಾಕಿಕೊಂಡು ಗುಡ್ಡ ಹತ್ತಿ ಬರುತ್ತಾರೆ. ಬಳಿದ ಮೇಲೆ ಮೂರು ಬೆಳಗು ಕಂಡ ಗೋಡೆಗೆ ಅವರು ತೋಳು ಉಜ್ಜುತ್ತಾರೆ. ತೋಳು ಕಪ್ಪಾಗಿಯೇ ಉಳಿದರೆ ಪತ್ರಕ್ಕೆ ರುಜು, ಬೆಳ್ಳಗಾದರೆ ಕೋಟು ಕೊಡವಿ ಇಳಿದು ಹೋಗುತ್ತಾರೆ. ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ. ನಿಮ್ಮ ಊರಲ್ಲಿ ಮಳೆ ಯಾಕೆ ಮೇಲಿಂದ ಬೀಳುತ್ತದೆ ಎಂದು ಎನ್ಕಾರ್ನಕ್ಕ ತಿರುಗಿ ಕೇಳಿದಳು.

ಆ ವರ್ಷ ನಾನು ಅವಳ ಗೋಡೆಗೆ ಬಳಿಯುವ ಸರದಿ ಬಂತು. ಒಳ್ಳೆಯ ಸುಣ್ಣ ತಂದು, ಎರಡು ದಿನ ನೀರಲ್ಲಿ ಬಿಟ್ಟು, ಬಟ್ಟೆಯಲ್ಲಿ ಸೋಸಿದೆ. ಅವಳು ನನ್ನ ಗೋಡೆಗೆ ಮಾಡಿದ್ದಕ್ಕಿಂತ ಒಂದು ಕೈ ಮೇಲಾಗಬೇಕು ಎನ್ನುವ ಆಸೆ. ನಮ್ಮ ಕಡೆ ಸುಣ್ಣ ಇನ್ನಷ್ಟು ಬೆಳ್ಳಗೆ ಕಾಣಲಿ ಎಂದು ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆ ಸೇರಿಸುತ್ತೇವಲ್ಲ, ನಾನೂ ಸೇರಿಸಿದೆ. ಚಿಟಿಕೆ ಸ್ವಲ್ಪ ಧಾರಾಳವಾಯಿತು. ಎನ್ಕಾರ್ನಕ್ಕ ಪೇಟೆಗೆ ಹೋಗಿದ್ದಳು, ಅವಳ ಗಂಡ ಬೆನಿತೋ ದೋಣಿಯಲ್ಲಿದ್ದ. ನಾನು ಬಳಿದು ಮುಗಿಸಿ, ಬೆನ್ನು ನೆಟ್ಟಗೆ ಮಾಡಿ, ನನ್ನ ಕೆಲಸವನ್ನು ನಾನೇ ಮೆಚ್ಚಿ ನೋಡುತ್ತಿದ್ದೆ.

ನೀಲಿ ಬಳಿಯುವುದು ಸಾವಿನ ಮನೆಗೆ ಎಂದು ನನಗೆ ಯಾರು ಹೇಳಿದ್ದರು? ತಗಡಿನ ಕೋಣೆಯಲ್ಲಿ ಏಳು ವರ್ಷ ಕಳೆದವಳಿಗೆ ಎಲ್ಲಿಂದ ತಿಳಿಯಬೇಕು? ಈ ಊರಲ್ಲಿ ಮನೆಯ ಒಬ್ಬರು ಹೋದರೆ ಎದುರುಮನೆಯವರು ಸುಣ್ಣಕ್ಕೆ ನೀಲಿ ಕಲಸಿ ಬಳಿಯುತ್ತಾರೆ, ಅದು ವರ್ಷವಿಡೀ ಇರುತ್ತದೆ, ಆ ಮನೆಯವರು ನಲವತ್ತು ದಿನ ಸುಣ್ಣ ಮುಟ್ಟುವುದಿಲ್ಲ. ಅರ್ಧ ಗಂಟೆಯಲ್ಲಿ ಓಣಿ ತುಂಬಿತು. ಕಪ್ಪು ಶಾಲಿನ ಹೆಂಗಸರು ಸಕ್ಕರೆಪುಡಿ ಉದುರಿಸಿದ ಬಾದಾಮಿ ಬಿಸ್ಕತ್ತಿನ ತಟ್ಟೆ ಹಿಡಿದು ಬಂದರು. ಪಾದ್ರಿ ಬಂದರು. ಇಗರ್ಜಿಯ ಗಂಟೆ ಹೊಡೆಯಿತು. ಎನ್ಕಾರ್ನಕ್ಕ ಮೀನಿನ ಚೀಲ ಹಿಡಿದು ಓಣಿ ಹತ್ತಿ ಬಂದವಳು ತನ್ನ ಗೋಡೆ ನೋಡಿದಳು, ಜನ ನೋಡಿದಳು, ಮೀನಿನ ಸಮೇತ ನೆಲಕ್ಕೆ ಬಿದ್ದಳು. ಸಂಜೆಗೆ ಬೆನಿತೋ ಸೀಟಿ ಹೊಡೆಯುತ್ತಾ ಬಂದ. ತನ್ನ ಮನೆಯ ಮುಂದೆ ಊರಿಗೆ ಊರೇ ಕೂತು ಬಿಸ್ಕತ್ತು ತಿನ್ನುವುದನ್ನು ಕಂಡು, "ಯಾರು ಸತ್ತದ್ದು?" ಎಂದು ಟೋಪಿ ತೆಗೆದ.

ಅವನು ಆಮೇಲೆ ನಕ್ಕದ್ದಕ್ಕೆ ಲೆಕ್ಕವಿಲ್ಲ. ನನ್ನನ್ನು ಕಂಡಾಗಲೆಲ್ಲ "ನನ್ನನ್ನು ಕೊಂದವಳು ಬಂದಳು" ಎನ್ನುತ್ತಿದ್ದ. ಎನ್ಕಾರ್ನಕ್ಕ ನಗಲಿಲ್ಲ. ಮೀನು ಕೊಯ್ಯುವ ಚೂರಿಯಿಂದ ನೀಲಿಯನ್ನು ತಾನೇ ಕೆರೆದು ತೆಗೆದಳು, ಚೂರಿಯನ್ನು ನನ್ನ ಕಡೆ ತೋರಿಸಿ ಅಂದಳು: "ಇನ್ನು ನನ್ನ ಗೋಡೆ ಮುಟ್ಟಿದರೆ ನೋಡು."

ನಾನು ಮುಟ್ಟಲಿಲ್ಲ. ಕ್ಷಮೆ ಕೇಳಲು ಎರಡು ಸಲ ಹೋದೆ, ಎರಡು ಸಲವೂ ಬಾಗಿಲು ಮುಖಕ್ಕೇ ಬಿತ್ತು. ಮೂರನೆಯ ಸಲ ಹೋಗುವ ಜಾತಿ ನನ್ನದಲ್ಲ. ಅವಳೂ ನನ್ನ ಗೋಡೆಗೆ ಮತ್ತೆ ಬಳಿಯಲಿಲ್ಲ. ಎರಡು ವರ್ಷದ ಮೇಲೆ ಬೆನಿತೋ ನಿಜವಾಗಿಯೇ ತೀರಿಕೊಂಡ, ಮಂಚದ ಮೇಲೆ, ಮಧ್ಯಾಹ್ನದ ಊಟ ಮುಗಿಸಿ ಮಲಗಿದವನು. ಸಂಜೀವ, ನಾನು ಇಬ್ಬರೂ ಹೋಗಿ ಗೋಡೆಗೊರಗಿ ನಿಂತು ಬಂದೆವು. ಅವಳಿಗೂ ನನಗೂ ಮಾತಿಲ್ಲದೆ ಒಟ್ಟು ಆರು ವರ್ಷವಾಯಿತು. ಇಡೀ ಗುಡ್ಡ ಹಾಲಿನಂತೆ ಬೆಳ್ಳಗಿರುವಾಗ ನಮ್ಮ ಓಣಿಯಲ್ಲಿ ಎದುರುಬದುರು ಎರಡು ಮನೆ ಮಾತ್ರ ಬೂದಿ ಬಣ್ಣಕ್ಕೆ ತಿರುಗಿ ಕೂತಿದ್ದವು.

ಹೀಗಿರುವಾಗ ಕಂಪನಿಯವರು ಬಂದರು. ಅವರ ಮನುಷ್ಯನ ಹೆಸರು ದಾಮಿಯಾನ್. ಕೆಟ್ಟವನಲ್ಲ; ಕಾಲಿಗೆ ಒಳ್ಳೆಯ ಬೂಟು, ಕೈಯಲ್ಲಿ ಬಣ್ಣದ ಪುಸ್ತಿಕೆ, ಅದರ ಮೇಲೆ "ಅಸಲಿ ಕಡಲೂರಿನಲ್ಲಿ ನಿಮ್ಮದೊಂದು ಮನೆ" ಎಂಬ ದಪ್ಪ ಅಕ್ಷರ. ಉತ್ತರದ ಚಳಿ ದೇಶಗಳವರಿಗೆ ಬೇಸಿಗೆಯಲ್ಲಿ ಎರಡು ವಾರ ಬಂದಿರಲು ಮನೆ ಬೇಕಂತೆ. ನಮ್ಮ ಕೆಳಗಿನ ಓಣಿಯಲ್ಲಿ ಅವರು ಮೂರು ಖಾಲಿ ಮನೆ ಕೊಂಡರು. ಯಂತ್ರದಿಂದ ಸುಣ್ಣ ಹೊಡೆಸಿದರು, ಬಿತ್ತು. ಪ್ಲಾಸ್ಟಿಕ್ ಪೇಂಟ್ ಬಳಿಸಿದರು, ಅದು ಬೇಯಿಸಿದ ಬಂಗುಡೆಯ ಚರ್ಮದ ಹಾಗೆ ಸುಲಿದು ಬಂತು. ಕೊನೆಗೆ ಎದುರುಬದುರು ಎರಡು ಮನೆಯನ್ನೂ ತಾವೇ ಕೊಂಡು, ಒಂದೊಂದರಲ್ಲೂ ಒಬ್ಬ ಸಂಬಳದ ಆಳನ್ನು ಇರಿಸಿ, ಇವನು ಅದಕ್ಕೆ ಅವನು ಇದಕ್ಕೆ ಬಳಿಯಲಿ ಎಂದರು. ಎರಡೂ ಮನೆ ಬಾಳೆಹಣ್ಣಿನಂತೆ ಹಳದಿಯಾದವು. ಈಗ ಗೋಡೆಗೆಲ್ಲ ಹೂಕುಂಡ ನೇತುಹಾಕಿ ಮುಚ್ಚಿದ್ದಾರೆ. ಪುಸ್ತಿಕೆಯ ಚಿತ್ರದಲ್ಲಿ ಮಾತ್ರ ನಮ್ಮ ಮೇಲಿನ ಓಣಿಯ ಗೋಡೆಗಳು.

ಅಕ್ಟೋಬರಿನ ಒಂದು ಶುಕ್ರವಾರ ನಮ್ಮ ಮನೆಗೆ ಕಾಗದ ಬಂತು. ಮನೆಯ ಒಡತಿ ಮುದುಕಿ ದೊಡ್ಡ ಪಟ್ಟಣದಲ್ಲಿ ತೀರಿಕೊಂಡಿದ್ದಳು. ಅವಳ ಅಣ್ಣನ ಮಗ ಮನೆ ಮಾರುತ್ತಾನಂತೆ. ಕಂಪನಿಯವರು ಕೇಳಿದ್ದಾರೆ, ಆದರೆ ಇರುವವರಿಗೇ ಮೊದಲ ಹಕ್ಕು. ಮುಂದಿನ ಶನಿವಾರ ನೋಟರಿ ಬರುತ್ತಾರೆ, ಗೋಡೆ ನಿಂತರೆ ಮನೆ ನಿಮ್ಮದು, ನಿಲ್ಲದಿದ್ದರೆ ಅವರದ್ದು. ಸಂಜೀವ ಕಾಗದವನ್ನು ಎರಡು ಸಲ ಓದಿ ಕಿಟಕಿಯಿಂದ ಎದುರುಮನೆ ನೋಡಿದರು.

"ದುಡ್ಡು ಉಂಟು," ಅಂದರು. "ಇಷ್ಟು ವರ್ಷ ಅದಕ್ಕೇ ಅಲ್ವಾ ಕೂಡಿಟ್ಟದ್ದು. ಇನ್ನು ಬೇಕಾದದ್ದು ಒಂದು ಬಾಲ್ದಿ ಸುಣ್ಣ."

"ನಾನು ಕೇಳುವುದಿಲ್ಲ."

"ಒಂದು ಮಾತು ಹೇಳಿದರೆ ನಿನ್ನ ನಾಲಿಗೆ ಏನು ಬಿದ್ದು ಹೋಗ್ತದಾ ವಾರಿಜಾ? ಎಲ್ಲಿಗೆ ಹೋಗುವುದು ಮತ್ತೆ? ತಿರುಗಿ ತಗಡಿಗಾ? ನನ್ನ ಮೊಣಕಾಲಿಗೆ ಆ ಐಸಿನ ಗಾಳಿ ಆಗುವುದಿಲ್ಲ ಮಾರಾಯ್ತಿ."

ನಿಮಗೆ ನನ್ನ ಸಂಕಟ ಗೊತ್ತಾಗಬೇಕಾದರೆ ಒಂದು ವಿಷಯ ಹೇಳಬೇಕು. ನಾನು ಹುಟ್ಟಿದ ಮನೆ ಸಮುದ್ರದ ಬಾಯಿಗೆ ಹೋಯಿತು. ಮದುವೆಯಾಗಿ ಹೋದದ್ದು ಇನ್ನೊಬ್ಬರ ಹಿತ್ತಿಲ ಕೋಣೆಗೆ. ಅಲ್ಲಿಂದ ಬಂದದ್ದು ತಗಡಿಗೆ. ಐವತ್ತೆಂಟು ವರ್ಷದಲ್ಲಿ ಒಂದು ಮೊಳೆ ಹೊಡೆಯುವಾಗಲೂ ಯಾರನ್ನಾದರೂ ಕೇಳಿಯೇ ಹೊಡೆದವಳು ನಾನು. ಈ ಎರಡು ಕೋಣೆ, ಈ ನಿಂಬೆಗಿಡ ನನ್ನದಾಗಬೇಕಿತ್ತು. ಕಾಗದದ ಮೇಲೆ ನನ್ನ ಹೆಸರು ಬೇಕಿತ್ತು. ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗೆ ಬೇಕಿತ್ತು.

ಎರಡು ದಿನ ಯೋಚಿಸಿ ಒಂದು ದಾರಿ ಹುಡುಕಿದೆ. ಕೇಳುವುದು ಬೇಡ. ಅವಳ ಗೋಡೆಗೆ ಬಳಿಯುವುದು ಎದುರುಮನೆಯವಳಾಗಿ ನನ್ನ ಕೆಲಸ, ಅದನ್ನು ನಾನು ಮಾಡಿದರೆ ನಾಚಿಕೆಯಿಂದಾದರೂ ಅವಳು ತನ್ನದು ಮಾಡುತ್ತಾಳೆ. ಸೋಮವಾರ ಬೆಳಿಗ್ಗೆ ಸೋಸಿದ ಸುಣ್ಣ ಹಿಡಿದು ಓಣಿಗೆ ಇಳಿದೆ. ನೀಲಿಯ ಡಬ್ಬಿಯನ್ನು ಹತ್ತಿರವೂ ತರಲಿಲ್ಲ. ಎನ್ಕಾರ್ನಕ್ಕ ಬಾಗಿಲು ತೆಗೆದು ಬಂದಳು. ಬಾಲ್ದಿಯೊಳಗೆ ಬಗ್ಗಿ ನೋಡಿದಳು. ಬೆರಳು ಅದ್ದಿ ಬಿಸಿಲಿಗೆ ಹಿಡಿದಳು. ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ, ಒಳಗೆ ಹೋದಳು. ನಾನು ಗೆದ್ದೆ ಅಂದುಕೊಂಡೆ. ಅರ್ಧ ದಿನದಲ್ಲಿ ಗೋಡೆ ಕಣ್ಣು ಕುಕ್ಕುವಷ್ಟು ಬೆಳ್ಳಗಾಯಿತು, ಓಣಿಯವರೆಲ್ಲ ಕಿಟಕಿಯಿಂದ ಇಣುಕಿ ಇಣುಕಿ ನೋಡಿದರು.

ಮಂಗಳವಾರ ಬೆಳಿಗ್ಗೆ ಯಾರೋ ಗುಡಿಸುವ ಸದ್ದಾಯಿತು. ಬಾಗಿಲು ತೆಗೆದೆ. ಎದುರಿನ ಗೋಡೆಯ ತುಂಬ ದೋಸೆಯ ಮೇಲೆ ಎದ್ದ ಹಾಗೆ ಗುಳ್ಳೆ. ಮುಕ್ಕಾಲು ಸುಣ್ಣ ಕೆಳಗೆ ಉದುರಿತ್ತು. ಎನ್ಕಾರ್ನಕ್ಕ ಅದನ್ನೆಲ್ಲ ಒಂದು ಮೊರಕ್ಕೆ ತುಂಬಿ ತಂದು ನನ್ನ ಹೊಸಿಲ ಮೇಲೆ ಇಟ್ಟಳು.

"ತಗೋ. ನಿನ್ನದು. ಮನೆ ಬೇಕು ಅಂತ ಬಳಿದದ್ದಲ್ವಾ? ಗೋಡೆಗೆ ಗೊತ್ತಾಗುವುದಿಲ್ಲ ಅಂದ್ಕೊಂಡೆಯಾ?"

ಆರು ವರ್ಷದ ಮೇಲೆ ನನಗೆ ಅಂದ ಮೊದಲ ಮಾತು ಅದು. ನನಗೆ ಸಿಕ್ಕಿಬಿದ್ದವರಿಗೆ ಬರುವ ಸಿಟ್ಟು ಬಂತು.

"ಹೌದು, ಮನೆ ಬೇಕು! ಅದಕ್ಕೇನೀಗ? ಒಂದು ಸಲ ತಪ್ಪಿದೆ ಅಕ್ಕ, ಗೊತ್ತಿಲ್ಲದೆ ತಪ್ಪಿದೆ. ಆರು ವರ್ಷ ಅದನ್ನೇ ಹಿಡ್ಕೊಂಡು ಕೂತ್ರೆ ಹೇಗೆ? ಬೆನಿತೋ ನಕ್ಕುಬಿಟ್ಟ. ನಿನಗೆ ನಗ್ಲಿಕ್ಕೆ ಏನಾಗಿತ್ತು?"

"ನಾನು ಅದನ್ನು ಹಿಡ್ಕೊಂಡಿದ್ದೇನಾ?" ಅವಳ ದನಿ ಒಮ್ಮೆಲೇ ಸಣ್ಣದಾಯಿತು. "ಅದನ್ನು ಆ ರಾತ್ರಿಯೇ ಬಿಟ್ಟೆ. ಅವನು ಮಂಚದಲ್ಲಿ ಹೊರಳಾಡಿ ನಗುವಾಗ ನಾನೂ ನಕ್ಕೆ. ನಿನಗೆ ಕಾಣಬಾರದು ಅಂತ ಒಳಗೆ ನಕ್ಕೆ. ನೀನು ಬದುಕಿದ್ದವನಿಗೆ ನೀಲಿ ಬಳಿದೆ, ಬಾರಿಹಾ. ಸತ್ತಾಗ ಬಳಿಯಲಿಲ್ಲ."

ಓಣಿಯಲ್ಲಿ ನಾವಿಬ್ಬರೇ ಇದ್ದೆವು. ಕೆಳಗೆ ದಕ್ಕೆಯಲ್ಲಿ ಯಾವುದೋ ದೋಣಿಯ ಎಂಜಿನು ಶುರುವಾಯಿತು.

"ನೀನೇ ಮುಟ್ಟಬೇಡ ಅಂದಿದ್ದೆ," ಅಂದೆ.

"ನಾನು ಅಂದದ್ದನ್ನು ನೀನು ಕೇಳುವವಳಾ? ಮೀನಿನ ಕ್ರಯದಲ್ಲಿ ಒಂದು ದಿನವಾದರೂ ನನ್ನ ಮಾತು ಕೇಳಿದ್ದುಂಟಾ? ಅವತ್ತು ಮಾತ್ರ ದೊಡ್ಡ ವಿಧೇಯಳಾದೆ. ನಲವತ್ತು ದಿನ ಇದೇ ಬಾಗಿಲಲ್ಲಿ ಕಪ್ಪು ಉಟ್ಟು ಕೂತೆ. ಗೋಡೆಯಲ್ಲಿ ನೀಲಿ ಇಲ್ಲ. ದಾರಿಯಲ್ಲಿ ಹೋಗುವವರಿಗೆ ಇಲ್ಲಿ ಒಬ್ಬ ಮನುಷ್ಯ ಸತ್ತಿದ್ದಾನೆ ಅಂತ ಗೊತ್ತಾಗಲಿಲ್ಲ. ಮೂವತ್ತೆಂಟು ವರ್ಷ ಈ ಓಣಿ ಹತ್ತಿ ಇಳಿದವನು, ನಾಯಿ ಹೋದ ಹಾಗೆ ಹೋದ."

ಅವಳು ಮೊರವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ನಾನು ಹೊಸಿಲ ಮೇಲೆ ಕುಸಿದು ಕೂತೆ. ಯಾರಿಗೂ ಹೇಳದ್ದು ಈಗ ಹೇಳುತ್ತೇನೆ. ಬೆನಿತೋ ಹೋದ ದಿನ ನಾನು ಅಂಗಡಿಗೆ ಓಡಿ ನೀಲಿ ತಂದಿದ್ದೆ. ಅತಿ ಒಳ್ಳೆಯದು, ಚಿಟಿಕೆಯಲ್ಲ, ಇಡೀ ಪೊಟ್ಟಣ. ತಂದು ಕಿಟಕಿಯ ಬಳಿ ಕೂತು ಅವಳು ಕರೆಯಲಿ ಎಂದು ಕಾದೆ. ಒಂದು ಸಲ ಈ ಕಡೆ ನೋಡಿದರೆ ಸಾಕು, ಹೋಗುತ್ತೇನೆ ಅಂದುಕೊಂಡೆ. ಅವಳು ನೋಡಲಿಲ್ಲ, ನಾನು ಹೋಗಲಿಲ್ಲ. ಗಂಡ ಸತ್ತವಳು ತಲೆಯೆತ್ತಿ ನೋಡಬೇಕಿತ್ತಂತೆ ನನ್ನ ಕಡೆ! ಆ ಪೊಟ್ಟಣ ನಾಲ್ಕು ವರ್ಷದಿಂದ ಖಾರದ ಪುಡಿಯ ಡಬ್ಬದ ಹಿಂದೆ ಇತ್ತು. ನನ್ನ ಜಂಭ ನನಗೆ ಬೇಕಾದಷ್ಟು ಕೊಟ್ಟಿದೆ, ಇಲ್ಲ ಅನ್ನುವುದಿಲ್ಲ, ಆದರೆ ಅವತ್ತು ಅದಕ್ಕೆ ಎರಡು ಬಾರಿಸಬೇಕಿತ್ತು.

ಒಳಗೆ ಹೋಗಿ ಪೊಟ್ಟಣ ತೆಗೆದೆ. ಸಂಜೀವ ಚಹಾ ಕುಡಿಯುತ್ತಿದ್ದರು, ಕೈಯಲ್ಲಿದ್ದುದನ್ನು ನೋಡಿ ಲೋಟ ಕೆಳಗಿಟ್ಟರು.

"ಇವತ್ತು ನೀಲಿ ಬಳಿದರೆ ಅದು ಸೂತಕದ ಮನೆ," ಅಂದರು. "ನಲವತ್ತು ದಿನ ಅವಳು ಸುಣ್ಣ ಮುಟ್ಟುವ ಹಾಗಿಲ್ಲ. ನೋಟರಿ ಬರುವುದು ಶನಿವಾರ."

"ಗೊತ್ತುಂಟು."

"ಮನೆ ಹೋಗ್ತದೆ ವಾರಿಜಾ."

"ಗೊತ್ತುಂಟು ಮಾರಾಯ್ರೆ. ಅವನು ಹೋಗಿ ನಾಲ್ಕು ವರ್ಷ ಆಯ್ತು, ಇನ್ನೆಷ್ಟು ಕಾಯಿಸುವುದು?"

ಅವರು ಎದ್ದು ಬಾಲ್ದಿಗೆ ನೀರು ಹಿಡಿದು ಕೊಟ್ಟರು. ನನ್ನ ಗಂಡ ಅಂಥವರು. ಅವರನ್ನು ನಾನು ಹೊರಗೆ ಯಾರ ಮುಂದೆಯೂ ಹೊಗಳುವುದಿಲ್ಲ, ಇಲ್ಲಿ ಬರೆದಿಡುತ್ತೇನೆ.

ಉಳಿದ ಸುಣ್ಣವನ್ನೆಲ್ಲ ಕೆರೆದು ತೆಗೆದು, ಗೋಡೆ ತೊಳೆದು, ನೀಲಿ ಬಳಿದೆ. ಚಿಟಿಕೆಯಷ್ಟಲ್ಲ. ಬೆಳಗಿನ ಏಳು ಗಂಟೆಗೆ ಸಮುದ್ರ ಇರುವಷ್ಟು ನೀಲಿ. ಬಳಿಯುವಾಗ ಮನೆಯ ಯೋಚನೆ ಬರಲಿಲ್ಲ. ಬಂದರೂ ನಿಲ್ಲಲಿಲ್ಲ. ಬೆನಿತೋನ ನಗು ನೆನಪಾಗುತ್ತಿತ್ತು, ಒಬ್ಬಳೇ ಅಳುತ್ತಾ ನಗುತ್ತಾ ಬಳಿದೆ. ಕೆಳಗಿನಿಂದ ಮೇಲಿನವರೆಗೆ, ಕಿಟಕಿಯ ಸುತ್ತ, ಮೂಲೆಯ ಒಂದು ಬಿರುಕನ್ನೂ ಬಿಡದೆ. ಎನ್ಕಾರ್ನಕ್ಕ ಹೊರಗೆ ಬರಲಿಲ್ಲ. ಒಳಗಿನಿಂದ ಪೆಟ್ಟಿಗೆ ತೆಗೆಯುವ ಸದ್ದು ಮಾತ್ರ ಕೇಳಿತು.

ಬುಧವಾರ ಬೆಳಿಗ್ಗೆ ಗೋಡೆ ಹಾಗೆಯೇ ಇತ್ತು. ಒಂದು ಗುಳ್ಳೆ ಇಲ್ಲ. ಮುಟ್ಟಿ ನೋಡಿದೆ, ಬೆರಳಿಗೆ ಹತ್ತಲಿಲ್ಲ. ಎನ್ಕಾರ್ನಕ್ಕ ಪೆಟ್ಟಿಗೆಯಿಂದ ತೆಗೆದ ಕಪ್ಪು ಶಾಲು ಹೊದ್ದು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದಳು. ಓಣಿಯವರು ಒಬ್ಬೊಬ್ಬರಾಗಿ ಬಂದರು. ಮೊದಲು ಬಂದವಳು ಏನು ಹೇಳಬೇಕೆಂದು ತಿಳಿಯದೆ ತಬ್ಬಿಬ್ಬಾದಳು. ನಾಲ್ಕು ವರ್ಷದ ಹಿಂದೆ ಸತ್ತವನಿಗೆ ಇವತ್ತು ಹೇಗೆ ಕಣ್ಣೀರು ಹಾಕುವುದು? ಆದರೆ ಗೋಡೆ ನೋಡಿ ಅವಳಿಗೆ ಅಳು ಬಂದೇ ಬಂತು. ಬಾದಾಮಿ ಬಿಸ್ಕತ್ತಿನ ತಟ್ಟೆಗಳು ಬಂದವು. ಪಾದ್ರಿ ಬಂದರು. ಬೆನಿತೋನ ದೋಣಿಯಲ್ಲಿದ್ದ ಗಂಡಸರು ಟೋಪಿ ತೆಗೆದು ಗೋಡೆಗೆ ಎದುರಾಗಿ ನಿಂತರು, ಅವನ ಸೀಟಿಯ ಬಗ್ಗೆ, ಅವನ ಸಾಲದ ತಂಬಾಕಿನ ಬಗ್ಗೆ ಮಾತಾಡಿದರು. ಎನ್ಕಾರ್ನಕ್ಕ ರಾಣಿಯ ಹಾಗೆ ಕೂತು ಎಲ್ಲವನ್ನೂ ಸ್ವೀಕರಿಸಿದಳು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಮನೆ ಹೋಯಿತು ಎಂದು ಗೊತ್ತಿತ್ತು, ಆದರೂ ನನ್ನ ಎದೆ ಇಷ್ಟಗಲವಾಗಿತ್ತು.

ಮಧ್ಯಾಹ್ನ ಜನ ಕರಗಿದ ಮೇಲೆ ಅವಳು ಎದ್ದಳು. ಶಾಲು ತೆಗೆದು ಕುರ್ಚಿಯ ಮೇಲಿಟ್ಟಳು, ತೋಳು ಮಡಚಿದಳು, ಓಣಿ ದಾಟಿ ಬಂದು ನನ್ನ ಬಾಗಿಲು ತಟ್ಟಿದಳು.

"ಬಾಲ್ದಿ ಎಲ್ಲಿ?"

"ಅಕ್ಕ, ನಲವತ್ತು ದಿನ..."

"ಯಾರ ನಲವತ್ತು ದಿನ? ನಾನು ನಾಲ್ಕು ವರ್ಷದ ಹಿಂದೆಯೇ ಕೂತು ಮುಗಿಸಿದ್ದೇನೆ. ನೀಲಿ ತಡ ಮಾಡಿದ್ದು ನೀನು, ನಾನಲ್ಲ."

ಮೂಲೆಮನೆಯ ಮುದುಕಿ ಕಿಟಕಿಯಿಂದ, "ಅದು ಹಾಗಾಗುವುದಿಲ್ಲ, ಸುಣ್ಣ ನಿಲ್ಲುವುದಿಲ್ಲ, ನೋಡ್ತಾ ಇರು," ಎಂದು ಕೂಗಿದಳು. "ನಿಲ್ಲದಿದ್ದರೆ ಬೀಳಲಿ, ಗುಡಿಸ್ಲಿಕ್ಕೆ ನಿನ್ನನ್ನು ಕರೆಯುವುದಿಲ್ಲ," ಎಂದು ಎನ್ಕಾರ್ನಕ್ಕ ತಿರುಗಿ ಕೂಗಿದಳು. ಸಂಜೆಯವರೆಗೆ ಬಳಿದಳು. ಎಪ್ಪತ್ತು ವರ್ಷದ ಹೆಂಗಸು ಏಣಿ ಹತ್ತಿ ಬಳಿದಳು, ಸಂಜೀವ ಏಣಿ ಹಿಡಿದು ನಿಂತರು. ನನಗೆ ಹೊರಗೆ ಬರಲು ಬಿಡಲಿಲ್ಲ. ನಾನು ಒಳಗೆ ಕೂತು ಗೋಡೆಯ ಆಚೆ ಕುಂಚ ಓಡುವ ಸದ್ದು ಕೇಳಿದೆ.

ಗುರುವಾರ ಬೆಳಿಗ್ಗೆ ಬಾಗಿಲು ತೆಗೆಯಲು ನನಗೆ ಧೈರ್ಯವಾಗಲಿಲ್ಲ, ಸಂಜೀವ ತೆಗೆದರು. ಹೊಸಿಲು ಚೊಕ್ಕವಾಗಿತ್ತು. ಶುಕ್ರವಾರ ಕಡಲಿನ ಗಾಳಿ ಎದ್ದು ಕೆಳಗಿನ ಓಣಿಯ ಹೂಕುಂಡಗಳೆಲ್ಲ ಬಿದ್ದು ಒಡೆದವು. ಆಗಲೂ ಹೊಸಿಲು ಚೊಕ್ಕವಾಗಿತ್ತು. ಶನಿವಾರ ಹತ್ತು ಗಂಟೆಗೆ ದೋನ್ ಎಲಾದಿಯೋ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. ಮೊದಲು ನೀಲಿ ಗೋಡೆಯ ಮನೆಗೆ ಹೋಗಿ ಸಂತಾಪ ಹೇಳಿ, ಕಾಫಿ ಕುಡಿದು, ನಾಲ್ಕು ಬಿಸ್ಕತ್ತು ತಿಂದರು. ಆಮೇಲೆ ಕಪ್ಪು ಕೋಟು ಎಳೆದು ಸರಿಮಾಡಿಕೊಂಡು ನಮ್ಮ ಗೋಡೆಗೆ ಬಂದರು. ದಾಮಿಯಾನ್ ನೆರಳಲ್ಲಿ ಫೈಲು ಹಿಡಿದು ನಿಂತಿದ್ದ. ಇಡೀ ಓಣಿ ಹೊರಗೆ ಬಂದಿತ್ತು.

ನೋಟರಿ ಎಮ್ಮೆ ಮರಕ್ಕೆ ಮೈ ಉಜ್ಜುವ ಹಾಗೆ ಭುಜದಿಂದ ಮೊಣಕೈವರೆಗೆ ಗೋಡೆಗೆ ಉಜ್ಜಿದರು. ಮೇಲೆ ಉಜ್ಜಿದರು, ಕೆಳಗೆ ಉಜ್ಜಿದರು. ತೋಳನ್ನು ಬಿಸಿಲಿಗೆ ಹಿಡಿದರು. ಕಪ್ಪು ಬಟ್ಟೆಯ ಮೇಲೆ, ಮೊಣಕೈಯ ಹತ್ತಿರ, ಬೆಳ್ಳಗೆ ಒಂದು ಕಲೆ.

ನಾನು ಸಂಜೀವರ ಕೈ ಹಿಡಿದುಕೊಂಡೆ. ದಾಮಿಯಾನ್ ಫೈಲು ತೆರೆದ. ಆಗ ಎನ್ಕಾರ್ನಕ್ಕ ಜನರನ್ನು ಸರಿಸಿಕೊಂಡು ಬಂದು, ನೋಟರಿಯ ತೋಳು ಹಿಡಿದು, ಆ ಕಲೆಯನ್ನು ಬೆರಳಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡಳು.

"ಸಕ್ಕರೆ," ಅಂದಳು. "ನನ್ನ ಗಂಡನ ಬಿಸ್ಕತ್ತು ತಿಂದು ಬಾಯಿ ಒರೆಸಿಕೊಂಡದ್ದು ನಿಮ್ಮ ತೋಳಿಗೇ, ದೋನ್ ಎಲಾದಿಯೋ. ನನ್ನ ಸುಣ್ಣದ ಮೇಲೆ ಹಾಕಬೇಡಿ."

ನೋಟರಿ ತಾವೂ ನೆಕ್ಕಿ ನೋಡಿದರು. ಇನ್ನೊಂದು ತೋಳು ಉಜ್ಜಿದರು. ಕಪ್ಪಾಗಿಯೇ ಇತ್ತು. ಓಣಿಯಲ್ಲಿ ಎದ್ದ ಕೇಕೆ ದಕ್ಕೆಗೂ ಕೇಳಿಸಿತಂತೆ. ದಾಮಿಯಾನ್ ಫೈಲು ಮುಚ್ಚಿ, ನನ್ನ ಕೈ ಕುಲುಕಿ, ಎರಡೂ ಗೋಡೆಯ ಒಂದು ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದ. ತೆಗೆದುಕೋ ಎಂದೆ, ನನಗೇನು ನಷ್ಟ. ಪತ್ರವನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬರೆದರು. ಇಲ್ಲಿಯ ಮನೆಪತ್ರದಲ್ಲಿ ಮೊದಲ ಸಾಲಿಗೆ ಬರುವುದು ಕೊಂಡವರ ಹೆಸರಲ್ಲ, ಸುಣ್ಣ ಬಳಿದವರದ್ದು. ಎನ್ಕಾರ್ನಾ ಎಂದು ಬರೆದು, ಅದರ ಕೆಳಗೆ ವಾರಿಜ ಎಂದು ಬರೆದರು. ನಾನು ಆ ಕಾಗದವನ್ನು ಚೌಕಟ್ಟು ಹಾಕಿಸಿ, ಯಾರನ್ನೂ ಕೇಳದೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಒಂದಕ್ಕೆ ಎರಡು ಮೊಳೆ ಹೊಡೆದೆ.

ವರ್ಷ ಕಳೆದು ನೀಲಿ ತೆಗೆಯುವ ದಿನ ಬಂತು. ನಾನು ಬಾಲ್ದಿ ಹಿಡಿದು ಹೋದಾಗ ಎನ್ಕಾರ್ನಕ್ಕ ಬಾಗಿಲಲ್ಲಿ ಬಟಾಣಿ ಸುಲಿಯುತ್ತಿದ್ದಳು. ನೀಲಿಯನ್ನು ಕೊನೆಯ ಸಲ ಒಮ್ಮೆ ನೋಡಿ, "ಚೆಂದ ಬಳಿದಿದ್ದೆ," ಅಂದಳು. ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೊಂದೇ ಸಲ.

"ನನಗೂ ನೀನೇ ಬಳಿಯಬೇಕು ಬಾರಿಹಾ," ಅಂದಳು ಆಮೇಲೆ. "ಇದೇ ಬಣ್ಣ. ಒಂದು ಚಿಟಿಕೆ ಕಡಿಮೆ ಆಗಬಾರದು."

"ಅದು ಹೇಗೆ? ನಾನು ಮೊದಲು ಹೋಗುವವಳು. ನನಗೆ ನೀನು ಬಳಿಯಬೇಕು. ನಮ್ಮವರ ಕೈಯದು ನಮ್ಮ ಗೋಡೆಗೆ ಹತ್ತುವುದಿಲ್ಲ."

"ನಾನು ಹನ್ನೆರಡು ವರ್ಷ ದೊಡ್ಡವಳು."

"ನಾನು ಈ ಮನೆಯ ಯಜಮಾನಿ, ಅಕ್ಕ. ನನ್ನ ಗೋಡೆಗೆ ಯಾರು ಬಳಿಯಬೇಕು ಅಂತ ನಾನು ಹೇಳುತ್ತೇನೆ."

ಅವಳು ಬಟಾಣಿಯ ಸಿಪ್ಪೆಯನ್ನು ನನ್ನ ಮೇಲೆ ಎಸೆದಳು. ಜಗಳ ಇನ್ನೂ ಮುಗಿದಿಲ್ಲ, ಇಬ್ಬರೂ ಗಟ್ಟಿಯಾಗಿಯೇ ಇದ್ದೇವೆ. ಇನ್ನೊಂದು ಪೊಟ್ಟಣ ನೀಲಿ ತಂದು ಖಾರದ ಪುಡಿಯ ಡಬ್ಬದ ಮುಂದೆಯೇ ಇಟ್ಟಿದ್ದೇನೆ. ಅವಳ ಮನೆಯಲ್ಲೂ ಒಂದು ಇದೆ.